ಬ್ಯಾಟರಿ ಗಾಡಿ ಮತ್ತು ನಮ್ಮ ಮಕ್ಕಳು

(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಸಂಘ ಶುರುವಾದ ಕಾಲದಲ್ಲಿ ನಾವು ಹಾಲಿನ ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೈರಿಗೆ ಬರುತ್ತಿದ್ದೆವು. ಈಗ ಬೆಳಗ್ಗೆ ಡೈರಿ ಮುಂದೆ ಬ್ಯಾಟರಿ ಗಾಡಿಗಳೂ ನಿಂತಿರುತ್ತವೆ. ಪೆಟ್ರೋಲ್ ಖರ್ಚಿಲ್ಲ, ಹೊಗೆಯಿಲ್ಲ, ಸಂತೋಷವೇ. ಆದರೆ ಓಡಿಸಿಕೊಂಡು ಬರುವವರಲ್ಲಿ ಹತ್ತನೇ ಕ್ಲಾಸಿನ ಹುಡುಗರೂ ಇದ್ದಾರೆ. ಕಳಿಸುವವರು ನಾವೇ. ಕೇಳಿದರೆ, "ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ್ವಂತಲ್ಲ" ಅಂತೀವಿ.

ಈ ಮಾತು ಅರ್ಧ ಮಾತ್ರ ನಿಜ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಎಂದು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ಪ್ರಮಾಣಪತ್ರ ಕೊಟ್ಟ ಗಾಡಿಗೆ ಮಾತ್ರ ಲೈಸೆನ್ಸು, ನೋಂದಣಿ ಬೇಡ. ಕೊಳ್ಳುವಾಗ ಆ ಪತ್ರ ಕೇಳಿ ನೋಡಬೇಕು. ಆಮೇಲೆ ವೈರು ಬದಲಿಸಿ ವೇಗ ಹೆಚ್ಚಿಸಿದರೆ ಆ ರಿಯಾಯಿತಿ ಹೋಯಿತು. ಹಸಿರು ನಂಬರ್ ಪ್ಲೇಟಿನ ಗಾಡಿಯಂತೂ ಮೋಟಾರು ವಾಹನವೇ. ಅದಕ್ಕೆ ಲೈಸೆನ್ಸು, ವಿಮೆ, ಹೆಲ್ಮೆಟ್ ಎಲ್ಲವೂ ಬೇಕು. ಸವಾರನಿಗೆ 18 ವರ್ಷ ತುಂಬಿರಬೇಕು. 1988ರ ಮೋಟಾರು ವಾಹನ ಕಾಯಿದೆಯಲ್ಲಿ 16 ತುಂಬಿದವರಿಗೆ ಇರುವ ವಿನಾಯಿತಿ 50 ಸಿ.ಸಿ. ಮೀರದ ಇಂಜಿನ್ ಗಾಡಿಗೆ.

ತಪ್ಪಿದರೆ ಶಿಕ್ಷೆ ಯಾರಿಗೆ? 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಾಳೆ ಡ್ರೈವರ್ ಕೆಲಸಕ್ಕೆ ಹೋಗೋಣವೆಂದರೂ ದಾರಿ ಮುಚ್ಚಿತು. ಅಪಘಾತವಾದರೆ ವಿಮಾ ಕಂಪನಿಯವರು ಕೊಟ್ಟ ಪರಿಹಾರವನ್ನು ನಮ್ಮಿಂದಲೇ ವಸೂಲಿ ಮಾಡಬಹುದು. ಹಸು ಮಾರಿದರೂ ತೀರದ ಸಾಲ ಅದು.

ಇನ್ನು 18 ತುಂಬಿದ ಮಕ್ಕಳಿಗೆ ಎರಡು ಮಾತು. ಈ ಗಾಡಿಗೆ ಸದ್ದಿಲ್ಲ. ದನಕ್ಕೂ ಕೇಳಿಸದು, ಕಿವಿ ಮಂದವಾದ ಅಜ್ಜಿಗೂ ಕೇಳಿಸದು. ತಿರುವಿನಲ್ಲಿ ನಿಧಾನಿಸಿ, ಹಾರನ್ ಮಾಡಿ. ಕ್ಯಾನನ್ನು ಹ್ಯಾಂಡಲ್ಲಿಗೆ ನೇತುಹಾಕಬೇಡಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳಿ; ಹಿಂದೆ ಕೂತವರಿಗೂ ಅದು ಬೇಕು. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ. ಹುಲ್ಲಿನ ಮೆದೆಯ ಹತ್ತಿರ, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ.

ಒಂದು ಹೊತ್ತಿನ ಹಾಲು ಕೆಟ್ಟರೆ ಮಾರನೇ ದಿನ ಮತ್ತೆ ಕರೆಯಬಹುದು. ಮಗನ ಕೈಕಾಲು ಹೋದರೆ ಎಲ್ಲಿಂದ ತರೋಣ? ವಯಸ್ಸು ತುಂಬದ ಮಕ್ಕಳ ಕೈಗೆ ಗಾಡಿ ಕೀ ಕೊಡುವುದಿಲ್ಲವೆಂದು ಈ ಬೆಳ್ಳಿಹಬ್ಬದ ದಿನ ನಾವೆಲ್ಲ ಒಟ್ಟಾಗಿ ತೀರ್ಮಾನಿಸೋಣ.