ಹೊಸ್ತಿಲ ಮುಂದಿನ ಮೊಟ್ಟೆ



ಉಗಾಂಡ ದೇಶದ ಉತ್ತರದಲ್ಲಿ ಗುಲು ಎಂಬ ಪಟ್ಟಣವಿದೆ. ಅಲ್ಲಿನ ಮೆಗಾ ಎಫ್‌ಎಂ ಬಾನುಲಿಯಲ್ಲಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ‘ದ್ವೋಗ್ ಚೆನ್ ಪಾಚೊ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಅಚೋಲಿ ಭಾಷೆಯಲ್ಲಿ ಹಾಗೆಂದರೆ ‘ಮನೆಗೆ ಮರಳಿ ಬಾ’. ಬಂಡುಕೋರರ ಕೈಯಿಂದ ತಪ್ಪಿಸಿಕೊಂಡು ಬಂದವರು ಮೈಕಿನ ಮುಂದೆ ಕೂತು, ತಾವು ಬದುಕಿದ್ದೇವೆ, ತಮ್ಮನ್ನು ಯಾರೂ ಕೊಲ್ಲಲಿಲ್ಲ ಎಂದು ಹೇಳಿ, ಕಾಡಿನಲ್ಲೇ ಉಳಿದ ಗೆಳೆಯರನ್ನು ಕರೆಯುತ್ತಿದ್ದರು. ಹಿಂದಿರುಗಿದರೆ ಸಾವೇ ಗತಿ ಎಂದು ದಳಪತಿಗಳು ಹೆದರಿಸಿಟ್ಟಿದ್ದ ಎಷ್ಟೋ ಮಂದಿ ಆ ದನಿಯನ್ನು ನಂಬಿ ನಡೆದು ಬಂದರು. ಇವತ್ತು ನಾನೂ ಬಾನುಲಿಯಲ್ಲೇ ಮಾತಾಡುತ್ತಿರುವುದರಿಂದ ಮೊದಲು ನೆನಪಾದದ್ದು ಆ ದನಿಗಳು.

ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಆ ಬಂಡುಕೋರ ಪಡೆ 1980ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಅಚೋಲಿ ನಾಡನ್ನು ಸುಟ್ಟಿತು. ಅದು ಹೊತ್ತೊಯ್ದ ಮಕ್ಕಳು 25,000ಕ್ಕೂ ಹೆಚ್ಚೆಂದು ಯುನಿಸೆಫ್‌ನ ಅಂದಾಜು. ಮನೆಯಲ್ಲಿ ಮಲಗಿದರೆ ಉಳಿಗಾಲವಿಲ್ಲವೆಂದು ಸಾವಿರಾರು ಮಕ್ಕಳು ದಿನಾ ಸಂಜೆ ಚಾಪೆ ಹೊದಿಕೆ ಹಿಡಿದು ಪೇಟೆಗೆ ನಡೆಯುತ್ತಿದ್ದರು. ಅಂಗಡಿ ಜಗಲಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಲಗಿ, ಬೆಳಗಾದ ಮೇಲೆ ಮನೆಗೆ ಹಿಂದಿರುಗುತ್ತಿದ್ದರು. ಸಿಕ್ಕಿಬಿದ್ದ ಎಷ್ಟೋ ಮಕ್ಕಳ ಕೈಯಿಂದ ಅವರ ನೆರೆಯವರನ್ನೋ ಬಂಧುಗಳನ್ನೋ ಕೊಲ್ಲಿಸುತ್ತಿದ್ದರು. ಆ ಕ್ರೌರ್ಯದೊಳಗೆ ಒಂದು ಲೆಕ್ಕಾಚಾರವಿತ್ತು. ಮಗು ಓಡಿಹೋಗದಿರಲು ಕಾಲಿಗೆ ಕೋಳ ಹಾಕಬೇಕಿಲ್ಲ. ಹುಟ್ಟಿದೂರಿಗೆ ಮುಖ ತೋರಿಸಲಾಗದಂತೆ ಮಾಡಿದರೆ ಸಾಕು.

ಆದ್ದರಿಂದಲೇ ಈ ಮಕ್ಕಳ ಬದುಕನ್ನು ಮತ್ತೆ ಕಟ್ಟುವ ಕೆಲಸ ಅರ್ಧಕ್ಕಿಂತ ಹೆಚ್ಚು ಊರಿನವರದು ಎಂದು ನಾನು ನಂಬಿದ್ದೇನೆ.

ಅಚೋಲಿ ಹಿರಿಯರಿಗೆ ಇದು ಗೊತ್ತಿತ್ತು. ಬಹಳ ದಿನ ಹೊರಗಿದ್ದು ಬಂದವರನ್ನು ಬರಮಾಡಿಕೊಳ್ಳುವ ಅವರ ಹಳೆಯ ಪದ್ಧತಿಯೊಂದಿದೆ. ಮನೆಯ ಮುಂದೆ ಒಂದು ಹಸಿ ಮೊಟ್ಟೆ ಇಡುತ್ತಾರೆ, ಜೊತೆಗೆ ಒಪೊಬೊ ಎಂಬ ಗಿಡದ ಲೋಳೆಯ ಕಡ್ಡಿ, ಕಣಜದ ಮುಚ್ಚಳ ಎತ್ತುವ ಲಯಿಬಿ ಎಂಬ ಕೋಲು. ಮೊಟ್ಟೆ ಕಳಂಕವಿಲ್ಲದ ಜೀವದ ಗುರುತು. ಒಪೊಬೊ ಸೋಪಿನ ಹಾಗೆ ಕೊಳೆ ತೊಳೆಯುವಂಥದ್ದು. ಬಂದವರು ಮೊಟ್ಟೆಯನ್ನು ಬರಿಗಾಲಿನಿಂದ ಒಡೆದು, ಕಡ್ಡಿ ಕೋಲುಗಳನ್ನು ದಾಟಿ ಒಳಗೆ ಹೆಜ್ಜೆ ಇಡಬೇಕು. ನನ್ನ ಮನಸ್ಸಿನಲ್ಲಿ ನಿಂತದ್ದು ಆ ಕಣಜದ ಕೋಲು. ಈ ಮನೆಯ ಕಾಳಿನಲ್ಲಿ ನಿನಗೆ ಮೊದಲಿನಷ್ಟೇ ಪಾಲಿದೆ ಎಂದು, ಬಾಯಿಬಿಟ್ಟು ಹೇಳದೆಯೇ ಹೇಳುವ ರೀತಿ ಅದು. ಯುದ್ಧದಿಂದ ಮರಳಿದ ಸಾವಿರಾರು ಮಕ್ಕಳು ಹೀಗೆ ಮೊಟ್ಟೆ ತುಳಿದು ಮನೆ ಸೇರಿದರು.

ಮೊಟ್ಟೆ ಒಡೆದ ಮಾರನೆಯ ದಿನ ಏನು? ಬೋರ್‌ವೆಲ್ ಹತ್ತಿರ ನೀರಿಗೆ ನಿಂತಾಗ ಹಿಂದಿನಿಂದ ‘ಕಾಡಿನಿಂದ ಬಂದವಳು’ ಎಂಬ ಪಿಸುಮಾತು. ಮಕ್ಕಳ ಜಗಳದಲ್ಲೂ ಅದೇ ಬೈಗುಳ. ಥೆರೇಸಾ ಬೆಟನ್‌ಕೋರ್ಟ್ ಎಂಬ ಸಂಶೋಧಕಿ 2002ರಿಂದ ಹಲವು ವರ್ಷ, ಅಂಥದೇ ಯುದ್ಧ ಕಂಡ ಸಿಯೆರಾ ಲಿಯೋನ್ ದೇಶದಲ್ಲಿ ಇಂಥ ನೂರಾರು ಮಕ್ಕಳನ್ನು ಮತ್ತೆ ಮತ್ತೆ ಭೇಟಿಯಾದರು. ಕಂಡ ಹಿಂಸೆಯಷ್ಟೇ ಅವರ ಮುಂದಿನ ಬದುಕನ್ನು ನಿರ್ಧರಿಸಲಿಲ್ಲ. ಮನೆಯವರೂ ಊರವರೂ ಒಪ್ಪಿಕೊಂಡ ಮಕ್ಕಳು ಹೆಚ್ಚು ಚೇತರಿಸಿಕೊಂಡರು, ಹಳಿಯುವ ಮಾತುಗಳ ನಡುವೆ ಬೆಳೆದವರು ಕುಗ್ಗಿದರು. ಅದೇ ದೇಶದಲ್ಲಿ ನೆರವು ಪಡೆಯಲು ಬಂದೂಕು ಒಪ್ಪಿಸಬೇಕೆಂಬ ರೂಢಿಯಿಂದ ಹೆಣ್ಣುಮಕ್ಕಳು ಹೆಚ್ಚಾಗಿ ಹೊರಗುಳಿದರು. ಅಡುಗೆ ಮಾಡಿ, ಹೊರೆ ಹೊತ್ತು, ಬಲವಂತಕ್ಕೆ ಹೆಂಡತಿಯರಾಗಿದ್ದವರ ಕೈಯಲ್ಲಿ ಒಪ್ಪಿಸಲು ಬಂದೂಕೆಲ್ಲಿ? ಹೊಲಿಗೆ ಯಂತ್ರ, ಮರಗೆಲಸದ ತರಬೇತಿ, ಎಲ್ಲವೂ ಬೇಕು. ಆದರೆ ಬಟ್ಟೆ ಹೊಲಿಸಲು ಯಾರೂ ಮರಳಿ ಬಂದವಳ ಬಾಗಿಲಿಗೆ ಬರದಿದ್ದರೆ ಆ ಯಂತ್ರ ಮೂಲೆಯಲ್ಲಿ ಕೂರುತ್ತದೆ.

1996ರ ಅಕ್ಟೋಬರ್‌ನಲ್ಲಿ ಉಗಾಂಡದ ಅಬೋಕೆಯ ಸೇಂಟ್ ಮೇರೀಸ್ ಕಾಲೇಜಿನ 139 ಹುಡುಗಿಯರನ್ನು ಬಂಡುಕೋರರು ಎಳೆದೊಯ್ದರು. ಅಲ್ಲಿನ ಸಿಸ್ಟರ್ ರಾಕೆಲೆ ಅವರ ಹಿಂದೆಯೇ ಕಾಡಿಗೆ ನಡೆದು 109 ಮಂದಿಯನ್ನು ಬಿಡಿಸಿ ತಂದರು. ಉಳಿದ 30 ಮಂದಿಯಲ್ಲಿ ಏಂಜಲೀನಾ ಅಟ್ಯಮ್ ಅವರ ಮಗಳೂ ಒಬ್ಬಳು. ಏಂಜಲೀನಾ ನರ್ಸ್, ಹೆರಿಗೆ ಮಾಡಿಸುತ್ತಿದ್ದವರು. ಇತರ ತಂದೆತಾಯಿಯರ ಜೊತೆ ಸಂಘ ಕಟ್ಟಿ ಎಲ್ಲ ಮಕ್ಕಳಿಗಾಗಿ ದನಿ ಎತ್ತಿದರು. ಸುಮ್ಮನಾದರೆ ನಿನ್ನ ಮಗಳನ್ನು ಬಿಡುತ್ತೇವೆ ಎಂಬ ಸಂದೇಶ ಬಂದಾಗ, ಒಬ್ಬಳಿಗಾಗಿ ಉಳಿದವರನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಮಗಳನ್ನು ಇಟ್ಟುಕೊಂಡಿದ್ದ ಬಂಡುಕೋರನ ತಾಯಿಯನ್ನು ಹುಡುಕಿ ಹೋಗಿ, ಕ್ಷಮಿಸಿದ್ದೇನೆ ಎಂದು ಹೇಳಿ ಬಂದರು. ಮಗಳು ತಪ್ಪಿಸಿಕೊಂಡು ಬಂದದ್ದು 2004ರಲ್ಲಿ, ಮಕ್ಕಳ ತಾಯಿಯಾಗಿ. ಆ ಜಾಗದಲ್ಲಿ ನಾನಿದ್ದರೆ ಆ ಮನೆಗೆ ಹೋಗುತ್ತಿದ್ದೆನೇ? ಎದೆ ಮುಟ್ಟಿಕೊಂಡು ಹೌದೆನ್ನಲಾರೆ.

ಎಲ್ಲವನ್ನೂ ಕ್ಷಮಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಡೊಮಿನಿಕ್ ಓಂಗ್ವೆನ್ ಸುಮಾರು ಒಂಬತ್ತರ ವಯಸ್ಸಿನಲ್ಲಿ ಶಾಲೆಯ ದಾರಿಯಲ್ಲಿ ಕೋನಿಯ ಪಡೆಯಿಂದ ಅಪಹರಣಕ್ಕೊಳಗಾದವನು. ಬೆಳೆದು ಅದೇ ಪಡೆಯ ದಳಪತಿಯಾದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನಿಗೆ 25 ವರ್ಷಗಳ ಸೆರೆವಾಸ ವಿಧಿಸಿತು. ಕಳೆದುಹೋದ ಆ ಬಾಲ್ಯವನ್ನು ನೆನೆದೇ ನ್ಯಾಯಾಧೀಶರು ಜೀವಾವಧಿ ಶಿಕ್ಷೆಯವರೆಗೆ ಹೋಗಲಿಲ್ಲ. ಶಿಕ್ಷೆಯೂ ಸರಿ, ಆ ನೆನಕೆಯೂ ಸರಿ.

ಅಪಹೃತ ಹುಡುಗಿಯರಿಗೆ ಕಾಡಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಈಗ ಇಪ್ಪತ್ತು ದಾಟಿದೆ. ಅಚೋಲಿಯರಲ್ಲಿ ಕುಲದ ಹೆಸರೂ ಉಳುವ ನೆಲವೂ ತಂದೆಯ ಕಡೆಯಿಂದ ಬರುತ್ತವೆ. ಹಾಗಾಗಿ ತಾಯಂದಿರು ಆ ತಂದೆಯರ ಮನೆತನಗಳನ್ನು ಹುಡುಕಿಕೊಂಡು ಊರೂರು ಅಲೆದಿದ್ದಾರೆ. ಕೆಲವು ಮನೆಗಳ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಗುರುತು ಹಿಡಿದು ಒಳಗೆ ಕರೆದಿದ್ದಾರೆ. ಉಳಿದವರಿಗೆ ಇನ್ನೂ ಕರೆ ಬಂದಿಲ್ಲ.