ಒಳಮನಸ್ಸಿಗೂ ಒಂದು ಲೆಕ್ಕದ ಪುಸ್ತಕ



‘ಯಾಕೋ ಈ ಮಗು ಸರಿ ಕಾಣ್ತಿಲ್ಲ’ ಎಂಬ ಮಾತಿಗೆ ಕೇಸ್ ಶೀಟಿನಲ್ಲಿ ಜಾಗವಿಲ್ಲ. ಜ್ವರ, ನಾಡಿ, ಉಸಿರಿನ ಎಣಿಕೆ, ತೂಕ ಇವಕ್ಕೆಲ್ಲ ಒಂದೊಂದು ಕಾಲಂ ಉಂಟು. ಇವೆಲ್ಲ ಸರಿಯಿದ್ದೂ ಮನಸ್ಸು ಒಪ್ಪದಿದ್ದರೆ ಅದನ್ನು ಎಲ್ಲಿ ಬರೆಯುವುದು? ಹಲವರು ನುಂಗಿಕೊಂಡು ಸುಮ್ಮನಾಗುತ್ತಾರೆ. ಕೆಲವರು ಬೇರೇನೋ ಕಾರಣ ಬರೆದು ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಇಂಥ ಅನಿಸಿಕೆಯನ್ನು, ಅಂದರೆ ಅಂತಃಪ್ರಜ್ಞೆಯನ್ನು ಕುರಿತ ಈ ವಿಚಾರ ಸಂಕಿರಣ ಅದನ್ನು ಹೊಗಳುವ ಸಭೆಯೂ ಆಗಬಾರದು, ಹೀಗಳೆಯುವ ಸಭೆಯೂ ಆಗಬಾರದು. ಒಳಮನಸ್ಸಿನ ಮಾತನ್ನು ಯಾವಾಗ ನಂಬಬೇಕು, ಎಷ್ಟು ನಂಬಬೇಕು ಎಂಬುದು ಆ ಕ್ಷಣದಲ್ಲಿ ಅದು ಎಷ್ಟು ಗಟ್ಟಿಯಾಗಿ ಕೂಗುತ್ತಿದೆ ಎಂಬುದರಿಂದ ತಿಳಿಯುವುದಿಲ್ಲ. ಹಿಂದೆ ಅದು ಹೇಳಿದ್ದೆಲ್ಲ ಏನಾಯಿತು ಎಂಬ ಲೆಕ್ಕದಿಂದ ಮಾತ್ರ ತಿಳಿಯುತ್ತದೆ. ನಾನು ನಿಮ್ಮ ಮುಂದಿಡುವ ವಾದ ಇಷ್ಟೇ.

ಇಂಥ ಲೆಕ್ಕವನ್ನು ನಿಜಕ್ಕೂ ಇಟ್ಟ ಉದಾಹರಣೆಯೊಂದಿದೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 2004ರಲ್ಲಿ, ಕಾಯಿಲೆಯೆಂದು ಮೊದಲ ಹಂತದ ವೈದ್ಯರ ಬಳಿ ಬಂದ 3,890 ಮಕ್ಕಳ ವಿವರಗಳನ್ನು ಸಂಗ್ರಹಿಸಲಾಯಿತು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದರ ವಿಶ್ಲೇಷಣೆಯನ್ನು ಪ್ರಕಟಿಸಿತು. ವೈದ್ಯರು ಪರೀಕ್ಷೆಯ ಫಲಿತಾಂಶದ ಜೊತೆಗೆ, ಏನೋ ಎಡವಟ್ಟಾಗಿದೆ ಎಂದು ಒಳಗೆ ಅನಿಸಿತೇ ಎಂಬುದನ್ನೂ ದಾಖಲಿಸಿದ್ದರು. ಪರೀಕ್ಷಿಸಿ ‘ಗಂಭೀರವೇನಲ್ಲ’ ಎಂದುಕೊಂಡ 3,369 ಮಕ್ಕಳಲ್ಲಿ 6 ಮಕ್ಕಳು ಮುಂದೆ ತೀವ್ರ ಸೋಂಕಿನಿಂದ ಆಸ್ಪತ್ರೆ ಸೇರಿದರು. ವೈದ್ಯರು ತಮ್ಮ ಒಳ ಅನುಮಾನದಂತೆ ನಡೆದಿದ್ದರೆ ಆ ಆರರಲ್ಲಿ ಇಬ್ಬರು ಮೊದಲೇ ಸಿಕ್ಕುತ್ತಿದ್ದರು. ಅದಕ್ಕೆ ಪ್ರತಿಯಾಗಿ 44 ಮಕ್ಕಳ ವಿಷಯದಲ್ಲಿ ಹುಸಿ ಗಾಬರಿಯಾಗುತ್ತಿತ್ತು.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅನುಮಾನ ಹುಟ್ಟಿದ 46 ಸಲದಲ್ಲಿ 44 ಸಲ ಅದು ಸುಳ್ಳಾಯಿತು. ಇಷ್ಟೇ ಕೇಳಿದವರು ಇಂಥ ಅನುಮಾನವನ್ನು ಕಸದ ಬುಟ್ಟಿಗೆ ಹಾಕಿ ಎಂದಾರು. ಆದರೆ ಇಡೀ ಗುಂಪಿನಲ್ಲಿ ಸುಮಾರು 560 ಮಕ್ಕಳಿಗೆ ಒಬ್ಬರಿಗಿದ್ದ ಅಪಾಯ, ಅನುಮಾನ ಹುಟ್ಟಿದವರಲ್ಲಿ 23ಕ್ಕೆ ಒಬ್ಬರಿಗಿತ್ತು. ತೀರ್ಪು ಎಂದು ನೋಡಿದರೆ ಒಳಮನಸ್ಸು ಸೋತಿತು. ಇನ್ನೊಮ್ಮೆ ನೋಡು ಎನ್ನುವ ಎಚ್ಚರಿಕೆಯಾಗಿ ಅದು ಅಪರೂಪದ ಕೆಲಸ ಮಾಡಿತು. ಇನ್ನೂ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಉಳಿದ ನಾಲ್ಕು ಮಕ್ಕಳ ವಿಷಯದಲ್ಲಿ ಯಾವ ಅನುಮಾನವೂ ಏಳಲಿಲ್ಲ. ಹಾಗಾಗಿ ಮನಸ್ಸು ಹೆದರಿಸಿದಾಗ ಕಿವಿಗೊಡಬೇಕು, ಅದು ಸುಮ್ಮನಿದೆ ಎಂದು ನಿಶ್ಚಿಂತರಾಗಬಾರದು.

ಆ ಅನುಮಾನ ಶೂನ್ಯದಿಂದ ಇಳಿದು ಬಂದದ್ದೂ ಅಲ್ಲ. ಮಗು ಮಂಕಾಗಿರುವುದು, ನಗದಿರುವುದು, ಉಸಿರಾಟದ ರೀತಿ ಬದಲಾಗಿರುವುದು ಇಂಥವು ಅದರ ಹಿಂದಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಲದ ಕಾಯಿಲೆ ಹಿಂದಿನಂತಿಲ್ಲ ಎಂಬ ತಂದೆತಾಯಿಯ ಆತಂಕ ಅದಕ್ಕೆ ಬಲವಾಗಿ ಹೊಂದಿಕೊಂಡಿತ್ತು. ಸಾವಿರಾರು ಮಕ್ಕಳನ್ನು ಒಮ್ಮೊಮ್ಮೆ ನೋಡಿದವರು ವೈದ್ಯರು, ಒಂದೇ ಮಗುವನ್ನು ಸಾವಿರಾರು ಸಲ ನೋಡಿದವಳು ತಾಯಿ. ಓಪಿಡಿಯ ಗದ್ದಲದಲ್ಲಿ ‘ಅಮ್ಮ, ನೀವು ಸುಮ್ನಿರಿ’ ಎನ್ನುವಾಗ ಬಿಟ್ಟುಕೊಡುವುದು ಈ ಎರಡನೆಯ ಅನುಭವವನ್ನೇ. ಅಮೆರಿಕದ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ ಅನುಭವಿ ದಾದಿಯರನ್ನು ಕೂರಿಸಿಕೊಂಡು ಕೇಳಿದ ಸಂಶೋಧಕರಿಗೂ ಇಂಥದೇ ಅನುಭವವಾಯಿತು. ‘ಹೇಗೋ ಗೊತ್ತಾಗುತ್ತದೆ’ ಎಂಬ ದಾದಿಯರ ಮಾತನ್ನು ಬಿಡಿಸುತ್ತ ಹೋದಂತೆ ಸೋಂಕಿನ ಸ್ಪಷ್ಟ ಲಕ್ಷಣಗಳು ಸಿಕ್ಕವು. ಅವುಗಳಲ್ಲಿ ಕೆಲವು ಆಗಿನ ಪಠ್ಯಗಳಲ್ಲೇ ಇರಲಿಲ್ಲ.

ಹಾಗಾದರೆ ಅನುಭವ ಹೆಚ್ಚಿದಂತೆಲ್ಲ ಅಂತಃಪ್ರಜ್ಞೆ ಬಲಿಯುತ್ತದೆಯೇ? ಇಲ್ಲ. ಅನುಭವಿಗಳ ಊಹೆಯನ್ನು ಮೆಚ್ಚುವ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಮತ್ತು ಅದನ್ನು ಸಂಶಯದಿಂದ ಕಾಣುತ್ತಿದ್ದ ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ವರ್ಷಗಟ್ಟಲೆ ವಾದಿಸಿ, 2009ರಲ್ಲಿ ಒಟ್ಟಾಗಿ ಬರೆದ ಲೇಖನದಲ್ಲಿ ಎರಡು ಷರತ್ತುಗಳಿಗೆ ಒಪ್ಪಿದರು. ಕೆಲಸದ ಪರಿಸರದಲ್ಲಿ ಗುರುತಿಸಬಹುದಾದ ಕ್ರಮವಿರಬೇಕು, ಆ ಕ್ರಮವನ್ನು ಕಲಿಯಲು ಬೇಕಾದಷ್ಟು ಅವಕಾಶ ಮತ್ತು ಉತ್ತರ ಸಿಗಬೇಕು. ಘಾಟಿಯಲ್ಲಿ ಬಸ್ಸು ಓಡಿಸುವವನಿಗೆ ಪ್ರತಿ ತಿರುವಿನಲ್ಲೂ ಆಗಿಂದಾಗಲೇ ಉತ್ತರ ಸಿಗುತ್ತದೆ. ಷೇರು ಪೇಟೆಯಲ್ಲಿ ಹಣ ಹೂಡುವವನಿಗೆ ಉತ್ತರ ಸಿಕ್ಕರೂ ಅಲ್ಲಿ ಕ್ರಮವಿಲ್ಲ. ಹೆಣ್ಣು ನೋಡಲು ಹೋಗಿ ಅರ್ಧ ಗಂಟೆಯಲ್ಲಿ ಸ್ವಭಾವ ಅಳೆಯುವ ಸೋದರಮಾವಂದಿರಿಗೆ ಉತ್ತರ ಬರುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿರುತ್ತದೆ. ಬಂದರೂ ಅದನ್ನು ಅವರಿಗೆ ಹೇಳುವವರಿಲ್ಲ! ಆತ್ಮವಿಶ್ವಾಸವಂತೂ ಮೂವರಿಗೂ ಒಂದೇ ಸಮ. ದೈವದತ್ತ ಪ್ರತಿಭೆಗೆ ನಾವೆಲ್ಲ ಉದಾಹರಿಸುವ ಶ್ರೀನಿವಾಸ ರಾಮಾನುಜನ್ ಅವರಲ್ಲೂ ಆತ್ಮವಿಶ್ವಾಸ ಸರಿ ತಪ್ಪುಗಳನ್ನು ಬೇರ್ಪಡಿಸಲಿಲ್ಲ. 1913ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯವರಿಗೆ ಬರೆಯಲು ತೊಡಗಿದಾಗ, ಬೆರಗು ಹುಟ್ಟಿಸುವ ಸೂತ್ರಗಳ ಜೊತೆಯಲ್ಲೇ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ತಪ್ಪು ಪ್ರತಿಪಾದನೆಗಳನ್ನೂ ಅವರು ಅಷ್ಟೇ ಧೈರ್ಯದಿಂದ ಕಳಿಸಿದ್ದರು.

ಇಲ್ಲಿ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಮನೋವಿಜ್ಞಾನಿ ಪಾಲ್ ಮೀಲ್ ಅವರದು. 1954ರ ಪುಸ್ತಕದಲ್ಲಿ ಅವರು, ತಜ್ಞರ ಊಹೆ ಮತ್ತು ಸರಳ ಲೆಕ್ಕದ ಸೂತ್ರ ಎರಡನ್ನೂ ಹೋಲಿಸಿದ ಸುಮಾರು 20 ಅಧ್ಯಯನಗಳನ್ನು ಪರಿಶೀಲಿಸಿದರು. ಬಹುತೇಕ ಎಲ್ಲದರಲ್ಲೂ ಸೂತ್ರ ತಜ್ಞರಿಗೆ ಸಮನಾಗಿತ್ತು ಅಥವಾ ಮೇಲಾಗಿತ್ತು. ಇದನ್ನು ನಾನು ಒಪ್ಪುತ್ತೇನೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಅಪಾಯದ ಲಕ್ಷಣ ಎನ್ನುವುದು ಅಂಥದೊಂದು ಸೂತ್ರ. ಎಣಿಕೆ ಆ ಗಡಿ ದಾಟಿದಾಗ ‘ನೋಡಿದರೆ ಚೆನ್ನಾಗಿಯೇ ಇದೆಯಲ್ಲ’ ಎಂದು ಯಾರ ಕೈಗುಣವೂ ಅದನ್ನು ರದ್ದು ಮಾಡಕೂಡದು. ಒಳಮನಸ್ಸಿಗೆ ಎಚ್ಚರವನ್ನು ಹೆಚ್ಚಿಸುವ ಅಧಿಕಾರ ಕೊಡೋಣ, ತಗ್ಗಿಸುವ ಅಧಿಕಾರ ಬೇಡ.

ಎರಡನೆಯ ಆಕ್ಷೇಪ ಇದಕ್ಕಿಂತ ಕಷ್ಟದ್ದು. ಪೂರ್ವಗ್ರಹವೂ ಒಳಗೆ ಹುಟ್ಟುವುದು ‘ಯಾಕೋ ಸರಿ ಕಾಣ್ತಿಲ್ಲ’ ಎಂದೇ. ಬಾಡಿಗೆಗೆ ಮನೆ ಕೇಳಿ ಬಂದವರ ಹೆಸರು ಕೇಳಿದೊಡನೆ ಕೆಲವು ಮನೆಯೊಡೆಯರಿಗೆ ಹುಟ್ಟುವ ಕಸಿವಿಸಿಯೂ ಅವರ ಮಟ್ಟಿಗೆ ಅಂತಃಪ್ರಜ್ಞೆಯೇ. ಎರಡನ್ನೂ ಒಳಗಿನಿಂದ ಬೇರ್ಪಡಿಸುವ ಉಪಾಯ ನನಗಂತೂ ಕಾಣುವುದಿಲ್ಲ. ಹೊರಗಿನ ಉಪಾಯವೊಂದಿದೆ. 1955ರಲ್ಲಿ, ಇಪ್ಪತ್ತೊಂದರ ಹರೆಯದ ಕಾನ್‌ಮನ್‌ಗೆ ಇಸ್ರೇಲ್ ಸೇನೆ ಹೊಸಬರ ಸಂದರ್ಶನ ಕ್ರಮವನ್ನು ಸುಧಾರಿಸುವ ಕೆಲಸ ವಹಿಸಿತು. ಸಂದರ್ಶಕರು ಮೊದಲು ಆರು ಗುಣಗಳನ್ನು ಒಂದೊಂದಾಗಿ, ನಿರ್ದಿಷ್ಟ ಪ್ರಶ್ನೆಗಳನ್ನು ಕೇಳಿ, ಅಂಕ ಹಾಕಬೇಕೆಂದು ಅವರು ವಿಧಿಸಿದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಮುನಿಸಿಕೊಂಡಾಗ, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಮನಸ್ಸಿಗೆ ತೋಚಿದ ಒಂದು ಅಂಕ ಹಾಕಿ ಎಂದರು. ಆರು ಅಂಕಗಳ ಮೊತ್ತ ಹಳೆಯ ಪದ್ಧತಿಗಿಂತ ಎಷ್ಟೋ ಮೇಲಾಯಿತು. ಕೊನೆಯ ತೋಚಿಕೆಯ ಅಂಕವೂ ಅದಕ್ಕೆ ಸರಿಸಮನಾಗಿ ನಿಂತಿತು. ಹಳೆಯ ಪದ್ಧತಿಯಲ್ಲಿ ಕೆಲಸಕ್ಕೆ ಬಾರದೆಂದು ಸಾಬೀತಾಗಿದ್ದ ಊಹೆ, ಶಿಸ್ತಿನ ಪರಿಶೀಲನೆಯ ನಂತರ ಬಂದಾಗ ಬೆಲೆಯುಳ್ಳದ್ದಾಯಿತು.

ನಮ್ಮ ಹಳ್ಳಿಗಳಿಗೆ ಬರುವುದಾದರೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಹೋಗಬೇಕೆಂಬ ನಿಯಮವಿದೆ. ಪಾಲಿಸಿದರೆ ಅಂತಃಪ್ರಜ್ಞೆ ಬೆಳೆಯಲು ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಬೇಕಿಲ್ಲ: ಒಂದೇ ಕೂಸು, ಮತ್ತೆ ಮತ್ತೆ ನೋಟ. ಆದರೆ ಆಕೆ ಅನುಮಾನದಿಂದ ಕಳಿಸಿದ ಕೂಸಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಏನೆಂದು ಗೊತ್ತಾಯಿತು ಎಂಬ ಸುದ್ದಿ ಆಕೆಗೆ ತಲುಪದಿದ್ದರೆ ಆ ಶಾಲೆಯಲ್ಲಿ ಪಾಠವೇ ನಡೆಯುವುದಿಲ್ಲ. ಅನುಮಾನವೆಂದ ಕೂಡಲೇ ದೂರದ ಆಸ್ಪತ್ರೆಗೆ ಕಳಿಸಿ ಎಂದೂ ನಾನು ಹೇಳುತ್ತಿಲ್ಲ. ಕೂಲಿ ಬಿಟ್ಟು ಬಸ್ಸು ಹತ್ತುವ ಮನೆಗೆ 44 ಹುಸಿ ಗಾಬರಿಗಳು ಫ್ಲಾಂಡರ್ಸ್‌ನಷ್ಟು ಅಗ್ಗವಲ್ಲ. ಬಟ್ಟೆ ಬಿಚ್ಚಿಸಿ ಮತ್ತೆ ಪೂರ್ತಿ ನೋಡುವುದು, ಒಂದು ಗಂಟೆ ಕೂರಿಸಿಕೊಂಡು ಹಾಲು ಎಳೆಯುವುದನ್ನು ಗಮನಿಸುವುದು, ಇನ್ನೊಬ್ಬರ ಕಣ್ಣಿಗೆ ತೋರಿಸುವುದು, ಯಾವ ಲಕ್ಷಣ ಕಂಡರೆ ರಾತ್ರಿಯಾದರೂ ಬರಬೇಕೆಂದು ತಾಯಿಗೆ ಬಿಡಿಸಿ ಹೇಳುವುದು ಇವೆಲ್ಲ ಅನುಮಾನಕ್ಕೆ ಕೊಡಬಹುದಾದ ಗೌರವಗಳೇ.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಒಂದು ಸಣ್ಣ ಪ್ರಸ್ತಾಪವನ್ನು ನೀವು ಚರ್ಚಿಸಬೇಕು. ‘ಸರಿ ಕಾಣ್ತಿಲ್ಲ’ ಎಂಬುದಕ್ಕೆ ದಾಖಲೆಯಲ್ಲಿ ಒಂದು ಕಾಲಂ, ಪಕ್ಕದಲ್ಲಿ ಕಂಡದ್ದೇನೆಂದು ಒಂದು ಸಾಲು, ವಾರದ ಮೇಲೆ ತುಂಬಲು ಇನ್ನೊಂದು ಖಾಲಿ ಜಾಗ. ಅನುಮಾನವನ್ನು ಫಲಿತಾಂಶಕ್ಕೆ ಮೊದಲೇ ಬರೆಯಬೇಕು. ಆಮೇಲಾದರೆ ನೆನಪು ನಮ್ಮನ್ನೆಲ್ಲ ಜಾಣರನ್ನಾಗಿಸಿಬಿಡುತ್ತದೆ. ಈ ಲೆಕ್ಕದ ಪುಸ್ತಕ ಯಾರ ವಶದಲ್ಲಿರಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಮೇಲಧಿಕಾರಿಗಳು ತಪಾಸಣೆಯಲ್ಲಿ ಹುಸಿಯಾದವನ್ನು ಎಣಿಸಿ ಕಾರಣ ಕೇಳಿ ನೋಟಿಸು ಕೊಡುವಂತಾದರೆ, ಮರುದಿನದಿಂದ ಅದರಲ್ಲಿ ಯಾರೂ ನಿಜ ಬರೆಯುವುದಿಲ್ಲ.