ಫೋನಿನ ಮೇಲೆ ಬಂದ ಕಾಲೇಜು



ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳಿರುವ ಲೈನು ಮನೆಗಳಿಗೆಲ್ಲ ಈಗ ಒಂದು ಮಾತು ಬಂದು ಮುಟ್ಟಿದೆ. ಪಟ್ಟಣಕ್ಕೆ ಹೋಗಬೇಕಿಲ್ಲ, ಹಾಸ್ಟೆಲಿಗೆ ಹಣ ಕಟ್ಟಬೇಕಿಲ್ಲ, ಮನೆಯಲ್ಲೇ ಕುಳಿತು ಫೋನಿನಲ್ಲಿ ಡಿಗ್ರಿ ಮಾಡಬಹುದು ಎಂಬುದೇ ಆ ಮಾತು. ಇದರಲ್ಲಿ ನಿಜವೂ ಇದೆ, ಹೊಟ್ಟೂ ಇದೆ. ಎರಡನ್ನೂ ಮೊರದಲ್ಲಿ ಹಾಕಿ ಕೇರಿ ನೋಡಬೇಕೆಂದು ಈ ಸಂಜೆ ನಾವು ಕೂಡಿದ್ದೇವೆ.

ದೂರದಲ್ಲಿದ್ದವರಿಗೆ ಕಾಲೇಜು ಪಾಠ ಕಳುಹಿಸುವುದು ಹೊಸದೇನಲ್ಲ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪಾಠ ಆರಂಭಿಸಿತು. ಮೈಸೂರಿನಲ್ಲಿ ಅದು 1969ರಲ್ಲಿ ಬಂತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ಆಗ ಪುಸ್ತಕದ ಕಟ್ಟು ಬರುತ್ತಿತ್ತು. ಅರ್ಥವಾಗದ ಪುಟದ ಮುಂದೆ ಓದುವವನು ಒಬ್ಬನೇ ಕುಳಿತಿರುತ್ತಿದ್ದ. ಬದಲಾದದ್ದು ಈ ಕಟ್ಟು. ಈಗ ಅದು ಮಾತನಾಡುತ್ತದೆ, ಚಿತ್ರ ತೋರಿಸುತ್ತದೆ, ಪ್ರಶ್ನೆ ಕೇಳುತ್ತದೆ, ಉತ್ತರ ತಪ್ಪಾದರೆ ಅಲ್ಲೇ ಹೇಳುತ್ತದೆ.

ಸರ್ಕಾರದ 'ಸ್ವಯಂ' ಎಂಬ ಏರ್ಪಾಡು 2017ರಲ್ಲಿ ತೆರೆಯಿತು. ಅದರ ಪಾಠಗಳನ್ನು ಕೇಳಲು ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಿ, ಗೊತ್ತುಮಾಡಿದ ಕೇಂದ್ರಕ್ಕೆ ಹೋಗಿ ಬರೆಯಬೇಕು. ಕಾಲೇಜಿಗೆ ಸೇರಿರುವ ವಿದ್ಯಾರ್ಥಿ, ತನ್ನ ಕಾಲೇಜು ಒಪ್ಪಿದರೆ, ಒಂದು ಅವಧಿಯ ಪಾಠಗಳಲ್ಲಿ ನೂರಕ್ಕೆ 40 ಭಾಗದವರೆಗೆ ಇದರಿಂದಲೇ ತೆಗೆದುಕೊಳ್ಳಬಹುದೆಂದು 2021ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ನಿಯಮ ಮಾಡಿತು. 2020ರಲ್ಲಿ ಮದರಾಸಿನ ಐ.ಐ.ಟಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದತ್ತಾಂಶ ವಿಜ್ಞಾನದಲ್ಲಿ ಡಿಗ್ರಿಯನ್ನೇ ಈ ರೀತಿ ಕೊಡತೊಡಗಿತು. ಅಲ್ಲಿಗೆ ಸೇರಲು ಆ ಭಯಂಕರ ಪ್ರವೇಶ ಪರೀಕ್ಷೆ ಬೇಡ. ನಾಲ್ಕು ವಾರ ಪಾಠ ಕೇಳಿ, ಲೆಕ್ಕ ಬಿಡಿಸಿ ಕಳಿಸಿ, ಆ ನಾಲ್ಕು ವಾರದ ಪಾಠದ ಮೇಲೆಯೇ ಪರೀಕ್ಷೆ ಬರೆದು ಗೆದ್ದರೆ ಸೇರಬಹುದು. ಇದು ನಮಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಕೋಚಿಂಗಿಗೆ ಲಕ್ಷ ಸುರಿದವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ನಾಲ್ಕು ವಾರವನ್ನು ಓದುತ್ತಾರೆ.

ಅಲ್ಲಿ ಪರಿಶಿಷ್ಟರಿಗೂ ಕಡಿಮೆ ಆದಾಯದ ಕುಟುಂಬಗಳಿಗೂ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಉಂಟು. ನಮ್ಮ ಸಭೆಯವರು ಇಲ್ಲಿ ಒಂದು ಗಮನಿಸಬೇಕು. 1950ರ ರಾಷ್ಟ್ರಪತಿಯವರ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಸಿಗುವುದಿಲ್ಲ. ಆ ಅನ್ಯಾಯದ ಮಾತು ಬೇರೆ ದಿನಕ್ಕಿರಲಿ. ಆದರೆ ಆದಾಯದ ಪ್ರಮಾಣಪತ್ರಕ್ಕೆ ಜಾತಿ ಅಡ್ಡ ಬರುವುದಿಲ್ಲ. ಅದನ್ನು ತಾಲ್ಲೂಕು ಕಚೇರಿಯಿಂದ ಮೊದಲೇ ಮಾಡಿಸಿ ಇಟ್ಟುಕೊಳ್ಳಿರಿ; ಕೊನೆಯ ದಿನ ಓಡಿದರೆ ಯಾರೂ ಕೊಡುವುದಿಲ್ಲ.

ಭಾಷೆಯ ಸಂಗತಿ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳೋ ಮಲಯಾಳವೋ, ಕಾಲೇಜಿನಲ್ಲಿ ಇಂಗ್ಲಿಷು. ನಮ್ಮ ಮಕ್ಕಳು ಮೂರು ಹೊಳೆ ದಾಟಿ ಬರುತ್ತಾರೆ. ಐ.ಐ.ಟಿ.ಗಳು ಕೂಡಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳಲ್ಲಿ ಹಲವನ್ನು ಈಗ ಕನ್ನಡ, ತಮಿಳು, ಮಲಯಾಳ, ತೆಲುಗು, ಮರಾಠಿಗಳಿಗೆ ತಂದಿದ್ದಾರೆ. ಯಂತ್ರವೇ ಮಾತನ್ನು ಕೇಳಿ ಬರೆದು, ಬೇರೆ ಭಾಷೆಗೆ ತಿರುಗಿಸುತ್ತದೆ. ಕೇಂದ್ರ ಸರ್ಕಾರದ 'ಭಾಷಿಣಿ' ಎಂಬ ಕೆಲಸ 2022ರಲ್ಲಿ ಇದಕ್ಕಾಗಿಯೇ ಶುರುವಾಯಿತು. ಯಂತ್ರದ ಕನ್ನಡ ಕೆಲವು ಕಡೆ ನಗು ಬರಿಸುತ್ತದೆ, ಪಾರಿಭಾಷಿಕ ಶಬ್ದಗಳಲ್ಲಿ ಎಡವುತ್ತದೆ. ಆದರೂ ಒಮ್ಮೆ ಕನ್ನಡದಲ್ಲಿ ಕೇಳಿ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಕೇಳುವ ಹುಡುಗಿಗೆ ಅದು ಊರುಗೋಲು. ಪರೀಕ್ಷೆ ಯಾವ ಭಾಷೆಯಲ್ಲಿ ಎಂಬುದನ್ನು ಮಾತ್ರ ಸೇರುವ ಮೊದಲೇ ಕೇಳಬೇಕು. ಪಾಠ ಕನ್ನಡದಲ್ಲಿದ್ದರೆ ಪರೀಕ್ಷೆಯೂ ಕನ್ನಡದಲ್ಲಿರುತ್ತದೆ ಎಂದು ಭಾವಿಸಬಾರದು.

ಸಿಗ್ನಲ್ ಇಲ್ಲದ ಕಣಿವೆಗಳ ಮಾತು ಬಂದರೆ, 'ಸ್ವಯಂ ಪ್ರಭಾ' ಎಂಬ ಟಿ.ವಿ. ವಾಹಿನಿಗಳಿವೆ. ಉಪಗ್ರಹದಿಂದ ಬರುತ್ತವೆ, ತಟ್ಟೆ ಇದ್ದರೆ ಸಾಕು. ಹೊಸ ಪಾಠವನ್ನು ದಿನಕ್ಕೆ ಹಲವು ಬಾರಿ ತಿರುಗಿ ತೋರಿಸುತ್ತಾರೆ. ಹೊತ್ತಾರೆ ತೋಟಕ್ಕೆ ಹೋದವರು ರಾತ್ರಿ ಕೇಳಬಹುದು.

ಇನ್ನು ಹೊಟ್ಟಿನ ಭಾಗಕ್ಕೆ ಬರೋಣ. ಅಮೆರಿಕದ ಒಂದು ಪ್ರಸಂಗವನ್ನು ನೀವು ಕೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾನಿಲಯವಿದೆ. 2013ರ ಜನವರಿಯಲ್ಲಿ ಅದು ಉಡಾಸಿಟಿ ಎಂಬ ಕಂಪನಿಯೊಡನೆ ಸೇರಿ ಮೂರು ಗಣಿತದ ಪಾಠಗಳನ್ನು ಕಂಪ್ಯೂಟರಿನ ಮೂಲಕ ಕೊಡತೊಡಗಿತು. ಒಂದಕ್ಕೆ 150 ಡಾಲರ್ ಮಾತ್ರ. ಬಡವರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯಿತೆಂದು ಪತ್ರಿಕೆಗಳು ಕೊಂಡಾಡಿದವು. ಫಲಿತಾಂಶ ಬಂದಾಗ ಸಂಖ್ಯಾಶಾಸ್ತ್ರದಲ್ಲಿ ಅರ್ಧದಷ್ಟು ಮಂದಿ ಪಾಸಾಗಿದ್ದರು. ಉಳಿದೆರಡು ಪಾಠಗಳಲ್ಲಿ ನಾಲ್ವರಲ್ಲಿ ಒಬ್ಬರು ಮಾತ್ರ. ಜುಲೈಯಲ್ಲಿ ಅದನ್ನು ತಡೆಹಿಡಿದರು. ಸೇರಿದವರು ದಡ್ಡರೇ? ಅಲ್ಲ. ಹಿಂದೆ ಗಣಿತದಲ್ಲಿ ಸೋತವರೂ ಬಡ ಬಡಾವಣೆಗಳ ಹೈಸ್ಕೂಲು ಮಕ್ಕಳೂ ಅವರಲ್ಲಿ ಬಹಳ ಇದ್ದರು. ಕೆಲವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಆ ಬೇಸಿಗೆಯಲ್ಲಿ ಮತ್ತೊಂದು ತಂಡ ಓದಿದಾಗ ಹೆಚ್ಚು ಮಂದಿ ಪಾಸಾದರು. ಆದರೆ ಆ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲೇ ಡಿಗ್ರಿ ಪಡೆದವರು!

ಇದೊಂದೇ ಊರಿನ ಕಥೆಯೂ ಅಲ್ಲ. ಹಾರ್ವರ್ಡ್ ಮತ್ತು ಎಂ.ಐ.ಟಿ. ಸೇರಿ ನಡೆಸಿದ ಉಚಿತ ಪಾಠಗಳಿಗೆ ಮೊದಲ ವರ್ಷ 8,41,687 ನೋಂದಣಿಗಳಾದವು. ಪ್ರಮಾಣಪತ್ರ ಪಡೆದವರು 43,196. ಬಾಗಿಲು ತೆರೆದಿಡುವುದು ಒಂದು, ಒಳಗೆ ಬಂದವನನ್ನು ಕೊನೆಯವರೆಗೆ ಕೈಹಿಡಿದು ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಸಂಬಳದ ಮನುಷ್ಯರು ಬೇಕು, ಅಲ್ಲೇ ಖರ್ಚು ಉಳಿಸಲು ನೋಡುತ್ತಾರೆ.

ಆ ಮನುಷ್ಯರ ಜಾಗಕ್ಕೆ ಈಗ ಯಂತ್ರಬುದ್ಧಿ ಬರುತ್ತಿದೆ. ಜಾರ್ಜಿಯಾ ಟೆಕ್ ಎಂಬಲ್ಲಿ ಪ್ರೊಫೆಸರ್ ಅಶೋಕ್ ಗೋಯಲ್ ಅವರ ಆನ್‌ಲೈನ್ ತರಗತಿಯಲ್ಲಿ ಒಂದು ಅವಧಿಗೆ ಸುಮಾರು 10,000 ಸಂದೇಶಗಳು ಬರುತ್ತಿದ್ದವು. 2016ರಲ್ಲಿ ಅವರು ಜಿಲ್ ವಾಟ್ಸನ್ ಎಂಬ ಹೆಸರಿಟ್ಟು ಒಂದು ಯಂತ್ರವನ್ನು ಸಹಾಯಕಿಯಾಗಿ ಕೂರಿಸಿದರು. ಅದು ಯಂತ್ರವೆಂದು ವಿದ್ಯಾರ್ಥಿಗಳಿಗೆ ಅವಧಿಯ ಕೊನೆಯಲ್ಲೇ ತಿಳಿಸಿದ್ದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಅಂಥ ಸಹಾಯಕರು ಎಲ್ಲರ ಫೋನಿನಲ್ಲಿದ್ದಾರೆ. ನಡುರಾತ್ರಿ ಕೇಳಿದರೂ ಬೇಸರಿಸುವುದಿಲ್ಲ, ಹತ್ತನೇ ಸಲ ಕೇಳಿದರೂ ಗದರಿಸುವುದಿಲ್ಲ. ಮೇಷ್ಟ್ರ ಮುಂದೆ ಬಾಯಿ ತೆರೆಯಲು ಹೆದರುವ ನಮ್ಮ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ತುರ್ಕಿಯಲ್ಲಿ ಸುಮಾರು ಸಾವಿರ ಹೈಸ್ಕೂಲು ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಯಿತು. ಯಂತ್ರವನ್ನು ಕೇಳಿಕೊಂಡು ಲೆಕ್ಕ ಮಾಡಿದವರು ಅಭ್ಯಾಸದಲ್ಲಿ ನೂರಕ್ಕೆ 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಯಂತ್ರವನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಮುಟ್ಟದ ಮಕ್ಕಳಿಗಿಂತ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ತಿದ್ದಿದ ಯಂತ್ರವನ್ನು ಬಳಸಿದವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಆದ್ದರಿಂದ ತಾಯಂದಿರೇ, ನಿಮಗೆ ಅಕ್ಷರ ಬಾರದಿದ್ದರೂ ಒಂದು ಕೆಲಸ ಮಾಡಬಲ್ಲಿರಿ. ಮಗಳು ಪಾಠ ಮುಗಿಸಿದ ಮೇಲೆ ಫೋನನ್ನು ಕೈಗೆ ತೆಗೆದುಕೊಂಡು, "ಏನು ಕಲಿತೆ, ನನಗೆ ಹೇಳು" ಎನ್ನಿರಿ. ಹೇಳಲು ತಡಕಾಡಿದರೆ ಆ ಪಾಠ ಇನ್ನೂ ಫೋನಿನಲ್ಲೇ ಇದೆ.

ಈಗ ಹಣದ ವಿಷಯ. ತೋಟದ ಬೋನಸ್ ಬಟವಾಡೆಯಾಗುವ ಸಮಯಕ್ಕೆ ಸರಿಯಾಗಿ ಏಜೆಂಟರು ಬರುತ್ತಾರೆ. ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆಯನ್ನು ನಾವೇ ನೋಡಿಕೊಳ್ಳುತ್ತೇವೆ ಎನ್ನುವವನಿಗೆ ಚಹಾ ಕೊಟ್ಟು ಕಳಿಸಿಬಿಡಿ. ನರ್ಸಿಂಗ್, ವೈದ್ಯಕೀಯ, ಇಂಜಿನಿಯರಿಂಗ್, ಕಾನೂನು ಇವುಗಳ ಡಿಗ್ರಿಯನ್ನು ಆನ್‌ಲೈನಿನಲ್ಲಿ ಕೊಡಲು ಆಯೋಗದ ನಿಯಮದಲ್ಲಿ ಅವಕಾಶವೇ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ನರ್ಸಿಂಗಿನ ಆಸೆ ಹೆಚ್ಚು. ಅದನ್ನು ಫೋನಿನಲ್ಲಿ ಮಾಡಿಸುತ್ತೇವೆಂಬುದು ಶುದ್ಧ ಮೋಸ. ಬಿ.ಎ., ಬಿ.ಕಾಂ. ಮುಂತಾದವಕ್ಕೆ ಅನುಮತಿ ಪಡೆದ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗದ ದೂರಶಿಕ್ಷಣ ವಿಭಾಗವೇ ಪ್ರಕಟಿಸುತ್ತದೆ. ಅದರಲ್ಲಿರುವ ಸಂಸ್ಥೆಯ ಡಿಗ್ರಿ ಸಾಮಾನ್ಯ ಕಾಲೇಜಿನ ಡಿಗ್ರಿಗೆ ಸಮ. ವಿಶ್ವವಿದ್ಯಾನಿಲಯದ ಹೆಸರಿದ್ದರೆ ಸಾಲದು. ಆ ವರ್ಷಕ್ಕೆ, ಆ ಡಿಗ್ರಿಗೆ ಅನುಮತಿ ಇದೆಯೇ ಎಂದು ನೋಡಬೇಕು. ಶುಲ್ಕವನ್ನು ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು, ಯಾರ ಕೈಗೂ ಕೊಡಬಾರದು.

ಕೊನೆಯದಾಗಿ ಒಂದು ಮನೆಯ ಮಾತು. ಒಂದೇ ಕೋಣೆ, ಒಂದೇ ಫೋನು, ಐದು ಜನ. ಮಗನಿಗೆ ಪಾಠವಿದ್ದರೆ ಸದ್ದು ಮಾಡಬೇಡಿ ಎನ್ನುತ್ತೇವೆ. ಮಗಳಿಗೆ ಪಾಠವಿದ್ದರೆ ನೀರು ತಂದು ಕೂತುಕೋ ಎನ್ನುತ್ತೇವೆ. ಕಾಲೇಜಿಗೆ ಹೋದ ಹುಡುಗಿಗೆ ಅಲ್ಲಿರುವಷ್ಟು ಹೊತ್ತಾದರೂ ಅಡಿಗೆಮನೆ ತಪ್ಪುತ್ತಿತ್ತು. ಮನೆಯೇ ಕಾಲೇಜಾದಾಗ ಅವಳಿಗೆ ಎರಡೂ ಒಟ್ಟಿಗೆ ಬರುತ್ತವೆ. ಸಭೆಯ ಕೋಣೆ ವಾರದ ಆರು ದಿನ ಬೀಗ ಹಾಕಿರುತ್ತದೆ. ಅಲ್ಲಿ ದೀಪವಿದೆ, ಬೆಂಚುಗಳಿವೆ. ಸಂಜೆ ಏಳರಿಂದ ಒಂಬತ್ತರವರೆಗೆ ಅದನ್ನು ತೆರೆದು, ಓದುವವರು ಜೊತೆಗೆ ಕುಳಿತುಕೊಳ್ಳಲಿ, ಹಿರಿಯರಲ್ಲಿ ಇಬ್ಬರು ಸರದಿಯಂತೆ ಕಾವಲಿರಲಿ ಎಂದು ನಾವು ಕೇಳುತ್ತಿದ್ದೇವೆ. ಬೀಗದ ಕೈ ಯಾರ ಬಳಿ ಇರಬೇಕು, ವಿದ್ಯುತ್ ಬಿಲ್ಲನ್ನು ಹೇಗೆ ಹಂಚಬೇಕು ಎಂಬುದನ್ನು ಈಗಲೇ, ಎಲ್ಲರೂ ಇರುವಾಗಲೇ, ಮಾತನಾಡಿ ಗೊತ್ತುಮಾಡೋಣ.